ಮಂಗಳೂರಿನ ಹೋಟೆಲುಗಳೂ ನಮ್ಮ ಮುರುಗಲೂ

ಅಡಿಕೆಯ ಕೆಲಸಕ್ಕೆಂದು ಮಂಗಳೂರಿಗೆ ಹೋಗುವುದು ನಮ್ಮ ಸೀಮೆಯವರಿಗೆ ಹೊಸತಲ್ಲ. ೧೯೭೩ರಲ್ಲಿ ಕ್ಯಾಂಪ್ಕೊ ಅಲ್ಲಿ ಸ್ಥಾಪನೆಯಾದ ಮೇಲಂತೂ ಆ ಊರಿನ ಮಾತಿಲ್ಲದೆ ನಮ್ಮ ಸಭೆಗಳು ಮುಗಿಯುವುದಿಲ್ಲ. ಹೋದವರು ದರ ವಿಚಾರಿಸಿ, ಸಿಕ್ಕಿದಲ್ಲಿ ಉಂಡು, ರಾತ್ರಿ ಬಸ್ಸು ಹಿಡಿಯುವುದು ವಾಡಿಕೆ. ಈ ಸಲ ಹೊನ್ನೆಮರಡಿನಿಂದ ಸದಸ್ಯರೊಬ್ಬರನ್ನು ಜೊತೆಮಾಡಿಕೊಂಡು ಹೊರಟೆವು. ಕೆಲಸ ಒಂದು ದಿನ ಮುಂದೆ ಹೋದದ್ದರಿಂದ ಅಲ್ಲಿಯ ಹೋಟೆಲುಗಳನ್ನು ಸಾವಕಾಶವಾಗಿ ನೋಡುವ ಯೋಗ ಬಂತು. ಹೊಟ್ಟೆಯ ವಿಚಾರ ಈ ಪತ್ರಿಕೆಗೇಕೆ ಎನ್ನುವವರು ದಯವಿಟ್ಟು ಕೊನೆಯವರೆಗೆ ಓದಬೇಕು.

ಅಲ್ಲಿ ಬೀದಿ ಬದಲಾದರೆ ರುಚಿ ಬದಲಾಗುತ್ತದೆ. ಬೆಳಿಗ್ಗೆ ಹಂಪನಕಟ್ಟೆಯಲ್ಲಿ ಬನ್ಸು, ಗೋಳಿಬಜೆ. ಕಳಿತು ಕಪ್ಪಾದ ಬಾಳೆಹಣ್ಣನ್ನು ಮೈದಾ, ಮೊಸರಿನೊಡನೆ ನಾದಿ ಕರಿದರೆ ಬನ್ಸು; ನಮ್ಮಲ್ಲಿ ಆ ಹಣ್ಣು ದನಕ್ಕೆ. ರಥಬೀದಿಯ ಸುತ್ತ ಕೊಂಕಣಿಗರ ದಾಳಿತೋಯ್, ಪತ್ರೊಡೆ. ಬಂಟರ ಕೋರಿ ರೊಟ್ಟಿ, ಬ್ಯಾರಿಗಳ ಬಿರಿಯಾನಿ, ಕ್ರೈಸ್ತರ ಸಣ್ಣ, ಎಲ್ಲದಕ್ಕೂ ಅದರದರ ಗಿರಾಕಿ ಉಂಟು. ನಮ್ಮದು ಸಸ್ಯಾಹಾರವಾದ್ದರಿಂದ ಬಂದರಿನ ಮೀನೂಟದ ವರದಿ ಜೊತೆಗಾರರದು: ಜಾಗ ಸಿಗಲು ಮುಕ್ಕಾಲು ಗಂಟೆ, ಉಂಡದ್ದು ಹತ್ತು ನಿಮಿಷ, ಪಶ್ಚಾತ್ತಾಪ ಇಲ್ಲ. ಸಂಜೆ ೧೯೭೫ರಿಂದ ನಡೆದುಬಂದಿರುವ ಐಡಿಯಲ್‌ನವರ ಐಸ್‌ಕ್ರೀಮು. ಎತ್ತರದ ಗಾಜಿನ ಲೋಟದ ‘ಗಡ್‌ಬಡ್‌’ ತಮ್ಮದೆಂದು ಉಡುಪಿಯವರೂ ಹೇಳುತ್ತಾರೆ. ಆ ವ್ಯಾಜ್ಯ ನಮಗೆ ಬೇಡ.

ಕಾಫಿಯದೊಂದು ಮಾತು. ಒಂದು ಹೋಟೆಲಿನಲ್ಲಿ ಡಿಕಾಕ್ಷನ್ ಕಪ್ಪಗಿತ್ತು, ಕಹಿಯೂ ಇತ್ತು, ಪರಿಮಳ ಮಾತ್ರ ಇರಲಿಲ್ಲ. ವಿಚಾರಿಸಿದರೆ ಅರ್ಧಕ್ಕರ್ಧ ಚಿಕೋರಿ. ಕಾನೂನಿನಂತೆ ಮಿಶ್ರಣದಲ್ಲಿ ಕಾಫಿ ಶೇಕಡಾ ೫೧ಕ್ಕೆ ಕಡಿಮೆ ಇರಕೂಡದು, ಅಷ್ಟೆ. ಕಾಫಿ ಬೆಳೆದವನು ದುಡ್ಡು ಕೊಟ್ಟು ಚಿಕೋರಿ ಕುಡಿದು ಬಂದಂತಾಯಿತು.

ನಮ್ಮ ಕಣ್ಣು ತೆರೆಸಿದ್ದು ಪುನರ್ಪುಳಿ. ಹೋದಲ್ಲೆಲ್ಲ ಬೋರ್ಡಿನ ಮೇಲೆ ಆ ಹೆಸರು. ಒಂದು ಲೋಟಕ್ಕೆ ಕಾಫಿಯ ಎರಡು ಪಟ್ಟು ದರ. ಇದು ನಮ್ಮ ಮುರುಗಲೇ. ಸಾಗರ, ಹೊಸನಗರದ ತೋಟದಂಚಿನಲ್ಲಿ ಬಿದ್ದು ಕೊಳೆಯುವ ಅದೇ ಕೆಂಪು ಹಣ್ಣು. ಸಿಪ್ಪೆ ಎಲ್ಲಿಯದೆಂದು ಕೇಳಿದೆವು. ರತ್ನಾಗಿರಿ ಕಡೆಯದು ಎಂದರು ಮಾಲೀಕರು. ನಾವು ಕೊಟ್ಟರೆ?

“ಕೊಡುವುದಾದರೆ ವರ್ಷಪೂರ್ತಿ ಕೊಡಬೇಕು ಮಾರಾಯ್ರೆ. ಒಮ್ಮೆ ಒಳ್ಳೆಯದು, ಇನ್ನೊಮ್ಮೆ ಬೂಷ್ಟು ಹಿಡಿದದ್ದು ಬಂದರೆ ಗಿರಾಕಿಗೆ ಎಂತ ಹೇಳುವುದು?”

ಬೂಷ್ಟಿನ ಮಾತು ನಾಟಿತು. ಹಿಂದೊಮ್ಮೆ ನಮ್ಮ ಮನೆಯಲ್ಲೇ ಎರಡು ಗೋಣಿ ಸಿಪ್ಪೆಯನ್ನು ಅಂಗಳದಲ್ಲಿ ಹರವಿ, ಮೊದಲ ಮಳೆಗೆ ಸಿಕ್ಕಿ, ಗೊಬ್ಬರದ ಗುಂಡಿಗೆ ಸುರಿದದ್ದುಂಟು. ಹಣ್ಣಾಗುವುದು ಏಪ್ರಿಲಿನಿಂದ ಜೂನಿನೊಳಗೆ. ಬಿಸಿಲು ನಂಬಿದರೆ ಕೆಟ್ಟೆವು. ಆದರೆ ಅಡಿಕೆ ಒಣಗಿಸುವ ಡ್ರೈಯರುಗಳು ಆ ತಿಂಗಳುಗಳಲ್ಲಿ ಖಾಲಿ ನಿಂತಿರುತ್ತವಲ್ಲ! ಕಾವು ಹದವಾಗಿಟ್ಟು ಅದರಲ್ಲೇ ಸಿಪ್ಪೆ ಒಣಗಿಸಬಹುದು. ಹಸಿ ಸಿಪ್ಪೆಗೆ ಸಕ್ಕರೆ ಹಾಕಿಟ್ಟು ಪಾಕ ಇಳಿಸುವುದು ನಮ್ಮ ಹೆಂಗಸರಿಗೆ ಯಾರೂ ಕಲಿಸಬೇಕಾಗಿಲ್ಲ.

ಹೊರಡುವ ಮುನ್ನ ಕಂಡದ್ದು ಇನ್ನೊಂದು. ಊಟವಾದ ಮೇಲೆ ಬಿಲ್ಲಿನ ತಟ್ಟೆಯಲ್ಲಿ ಬಂದದ್ದು ಸೋಂಪು. ಎಲೆ-ಅಡಿಕೆ ಕೇಳಿದರೆ ಸಪ್ಲೈಯರ್ ಹುಡುಗ ನಕ್ಕ. ೨೦೦೪ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನು ಕ್ಯಾನ್ಸರ್‌ಕಾರಕವೆಂದು ಪಟ್ಟಿಮಾಡಿತು. ಇತ್ತ ಎಲೆಚುಕ್ಕಿ ರೋಗ ತೀರ್ಥಹಳ್ಳಿ, ಹೊಸನಗರ, ಸಾಗರದ ತೋಟಗಳನ್ನು ಸುಡುತ್ತಿದೆ. ಒಂದೇ ಬೆಳೆಯ ಮೇಲೆ ಮನೆ ನಿಲ್ಲಿಸಿಕೊಂಡವರ ಮುಂದೆ ಆ ಸೋಂಪಿನ ತಟ್ಟೆ ಬಂದಾಗ ನಾವಿಬ್ಬರೂ ಕೆಲಹೊತ್ತು ಮಾತಾಡಲಿಲ್ಲ.

ಮುರುಗಲಿನಿಂದ ಅಡಿಕೆಯಷ್ಟು ಹುಟ್ಟುವಳಿ ಬರುತ್ತದೆಂದು ನಾವು ಹೇಳುವುದಿಲ್ಲ, ಬರುವುದೂ ಇಲ್ಲ. ಮಳೆಗಾಲದ ಮನೆಖರ್ಚಿಗೆ ಒದಗೀತು. ಸೊಪ್ಪಿನ ಬೆಟ್ಟದ ಮರಗಳ ಪ್ರಶ್ನೆ ಬೇರೆ. ಸದ್ಯ ಸ್ವಂತ ತೋಟದಂಚಿನವು ಸಾಕು. ಮುರುಗಲಿನಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆಯಾದ್ದರಿಂದ ಹಣ್ಣು ಬಿಡುವವನ್ನಷ್ಟೇ ಎಣಿಸಿ, ಸಂಖ್ಯೆಯನ್ನು ಮುಂದಿನ ಸಭೆಗೆ ಚೀಟಿಯಲ್ಲಿ ಬರೆದು ತರಬೇಕು. ಡ್ರೈಯರ್ ಬಿಟ್ಟುಕೊಡಲು ಒಪ್ಪುವವರು ಅದನ್ನೂ ಬರೆಯಿರಿ. ಹೊನ್ನೆಮರಡಿನ ನಮ್ಮ ತೋಟದ ಲೆಕ್ಕ: ಹೆಣ್ಣು ಮರ ಏಳು.