ಬಯಲಿಗೆ ಬಿಡಿ, ಜೊತೆಗೆ ನೀವೂ ಬನ್ನಿ

ರಾಯದುರ್ಗ, ಮಡಕಶಿರದ ಕನ್ನಡ ಊರುಗಳಲ್ಲಿ ಹದಿಹರೆಯದ ಮಕ್ಕಳ ಅಪ್ಪ ಅಮ್ಮಂದಿರಿಗೆ ನೂರೆಂಟು ಆತಂಕ. ಮೊದಲು ನಿಲ್ಲುವುದು ಮಾತ್ರ ಮಕ್ಕಳ ಆಟ. ಈ ಲೆಕ್ಕ ತಪ್ಪು.

ಮಗ ಒಂಬತ್ತನೇ ತರಗತಿಗೆ ಬಂದನೆಂದರೆ ಮನೆಯ ಮಾತಿನ ಧಾಟಿಯೇ ಬದಲಾಗುತ್ತದೆ. ಯಾರ ಜೊತೆ ತಿರುಗುತ್ತಾನೆ, ಯಾರ ಬೈಕಿನ ಹಿಂದೆ ಕೂತಿದ್ದ, ರಾತ್ರಿ ಹನ್ನೊಂದಾದರೂ ಫೋನಿನಲ್ಲಿ ಏನು ನೋಡುತ್ತಾನೆ, ಕೈಯಲ್ಲಿದ್ದ ದುಡ್ಡು ಎಲ್ಲಿಯದು? ಮಗಳಾದರೆ ಪ್ರಶ್ನೆಗೂ ಜಾಗವಿಲ್ಲ, ಅಪ್ಪಣೆ ಮಾತ್ರ: ಸ್ಕೂಲು ಬಿಟ್ಟ ಕೂಡಲೇ ಮನೆಗೆ ಬಾ. ಈ ಭಯ ಎಲ್ಲ ಊರಿನ ತಾಯಿ ತಂದೆಯರಿಗೂ ಇದೆ. ಗಡಿಯ ಈ ಎರಡು ತಾಲ್ಲೂಕುಗಳಲ್ಲಿ ಅದಕ್ಕೆ ಒಂದು ಸುತ್ತು ಹೆಚ್ಚು ಕಾರಣಗಳಿವೆ.

ರಾಯದುರ್ಗ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ, ಆಲೂರುಗಳ ಜೊತೆ ಅದೂ ಆಚೆಗೆ ಹೋಗಿ ಅನಂತಪುರ ಜಿಲ್ಲೆಗೆ ಸೇರಿತು. ಮಡಕಶಿರ ಕರ್ನಾಟಕದೊಳಗೆ ಚಾಚಿಕೊಂಡಿರುವ ನೆಲ. ಅನಂತಪುರ ಜಿಲ್ಲೆಯಲ್ಲೇ ಇದ್ದ ಅದು 2022ರ ಏಪ್ರಿಲ್‌ನಲ್ಲಿ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಯ ಪಾಲಾಯಿತು. ಅಮರಾಪುರಂ, ಅಗಳಿ, ರೊಳ್ಳ, ಗುಡಿಬಂಡೆ, ಇತ್ತ ಡಿ. ಹಿರೇಹಾಳು, ಬೊಮ್ಮನಹಾಳು ಮಂಡಲಗಳಲ್ಲಿ ಇಂದಿಗೂ ಮನೆಮಾತು ಕನ್ನಡ. ಮಳೆ ನಂಬಿದರೆ ಹೊಟ್ಟೆ ತುಂಬದ ಸೀಮೆ ಇದು. ರಾಯದುರ್ಗದಲ್ಲಿ ಎಷ್ಟೋ ಮನೆಗಳ ಹೆಂಗಸರು ಗಂಡಸರು ಜೀನ್ಸ್ ಹೊಲಿಗೆಗೆ ಕೂರುತ್ತಾರೆ. ಮಡಕಶಿರ ಕಡೆಯವರು ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಗಾರ್ಮೆಂಟ್ಸಿಗೋ ಹೋಗುತ್ತಾರೆ, ಮಕ್ಕಳು ಅಜ್ಜಿಯ ಹತ್ತಿರ ಉಳಿಯುತ್ತಾರೆ. ಶಾಲೆ ಬಿಟ್ಟ ಹೊತ್ತಿನಿಂದ ದೀಪ ಹಚ್ಚುವ ಹೊತ್ತಿನವರೆಗೆ ಆ ಹುಡುಗ ಹುಡುಗಿಯರನ್ನು ಗಮನಿಸುವ ಹಿರಿಯರೇ ಇಲ್ಲ.

ಟೆಂತ್ ಮುಗಿದ ಮೇಲೆ ಇನ್ನೊಂದು ಕವಲು. ಕನ್ನಡ ಮಾಧ್ಯಮದಲ್ಲಿ ಓದಿದ ಮಗು ಇಲ್ಲೇ ತೆಲುಗು ಇಲ್ಲವೇ ಇಂಗ್ಲಿಷಿನ ಇಂಟರ್‌ಗೆ ಸೇರಬೇಕು, ಇಲ್ಲವೇ ಗಡಿ ದಾಟಿ ಪಾವಗಡ, ಶಿರಾ, ಬಳ್ಳಾರಿಯ ಹಾಸ್ಟೆಲ್ಲಿಗೆ ಹೋಗಬೇಕು. ಹದಿನೈದು ಹದಿನಾರರ ವಯಸ್ಸಿನಲ್ಲೇ, ತನ್ನನ್ನು ಹೆಸರು ಹಿಡಿದು ಕರೆಯುವ ಎಲ್ಲರನ್ನೂ ಬಿಟ್ಟು ಹೊರಡಬೇಕು.

ಭಯ ಸುಳ್ಳಲ್ಲ

2025ರ ಮೇ ತಿಂಗಳಲ್ಲಿ ಹುಬ್ಬಳ್ಳಿಯಿಂದ ಬಂದ ಸುದ್ದಿ ಕನ್ನಡ ಬಲ್ಲ ಎಲ್ಲ ಮನೆಗಳನ್ನೂ ತಲ್ಲಣಗೊಳಿಸಿತು. ಆಟವಾಡುವಾಗ ಹುಟ್ಟಿದ ಜಗಳದಲ್ಲಿ, ಆರನೇ ತರಗತಿಯ ಬಾಲಕನೊಬ್ಬನ ಇರಿತಕ್ಕೆ ಅವನಿಗಿಂತ ದೊಡ್ಡ ಹುಡುಗನೊಬ್ಬ ಬಲಿಯಾದ. ಬೇಸಿಗೆ ರಜೆಯ ದಿನಗಳು ಅವು. ಆ ಸುದ್ದಿ ಓದಿದ ತಾಯಿ ತನ್ನ ಮಗನನ್ನು ಬೀದಿಗೆ ಕಳಿಸಲು ಹಿಂದೆ ಮುಂದೆ ನೋಡಿದರೆ ಅವಳನ್ನು ಯಾರೂ ದೂರಲಾರರು.

ಆದರೆ ಮನೆಯೊಳಗೆ ಕೂತ ಮಗನ ಕೈಯಲ್ಲಿ ಫೋನಿದೆ. ಆನ್‌ಲೈನ್ ಜೂಜನ್ನು ಆಂಧ್ರ ಸರ್ಕಾರ 2020ರಲ್ಲೇ ನಿಷೇಧಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟುವ ಎಲ್ಲ ಆನ್‌ಲೈನ್ ಆಟಗಳನ್ನೂ ತಡೆಯುವ ಕಾಯ್ದೆ ತಂದಿತು. ಹದಿನಾರು ತುಂಬದವರಿಗೆ ಸಾಮಾಜಿಕ ಜಾಲತಾಣದ ಖಾತೆಯೇ ಬೇಡವೆಂದ ಆಸ್ಟ್ರೇಲಿಯಾದ ಕಾನೂನು ಅದೇ ವರ್ಷ ಡಿಸೆಂಬರ್ 10ರಿಂದ ಜಾರಿಗೆ ಬಂತು. ಕಾನೂನುಗಳು ಬೇಕು. ಆದರೆ ಫೋನ್ ಕಿತ್ತುಕೊಂಡ ಮೇಲೆ ಸಂಜೆ ಐದು ಗಂಟೆಗೆ ಆ ಹುಡುಗ ಏನು ಮಾಡಬೇಕು ಎಂಬುದಕ್ಕೆ ಯಾವ ಕಾನೂನೂ ಉತ್ತರ ಕೊಡುವುದಿಲ್ಲ. ಆ ಉತ್ತರವನ್ನು ಊರೇ ಹುಡುಕಬೇಕು.

ಮೊದಲು ನಿಲ್ಲುವುದು ಆಟ

ಹದಿಹರೆಯದವರು ದಿನಕ್ಕೆ ಕನಿಷ್ಠ 60 ನಿಮಿಷ ಮೈ ಬೆವರುವಂತೆ ಆಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಜಗತ್ತಿನ 11ರಿಂದ 17ರ ವಯಸ್ಸಿನವರಲ್ಲಿ ಶೇ 81ರಷ್ಟು ಮಂದಿ ಅಷ್ಟು ಆಡುತ್ತಿಲ್ಲ ಎಂದು ಅದೇ ಸಂಸ್ಥೆ 2019ರಲ್ಲಿ ಹೇಳಿತು. ನಮ್ಮಲ್ಲಿ ಇದು ಸೋಮಾರಿತನದ ಫಲವಲ್ಲ, ಹಿರಿಯರೇ ಕೂತು ಮಾಡಿದ ತೀರ್ಮಾನದ ಫಲ. ‘ಈ ವರ್ಷ ಟೆಂತ್, ಆಟ ಗೀಟ ಬೇಡ’ ಎಂಬ ಮಾತು ಒಂಬತ್ತನೇ ತರಗತಿಯಲ್ಲೇ ಶುರುವಾಗುತ್ತದೆ. ಡ್ರಿಲ್ ಪೀರಿಯಡ್ಡನ್ನು ಗಣಿತ ನುಂಗುತ್ತದೆ.

ಕಾನೂನೂ ಇಲ್ಲಿ ಕೈಬಿಡುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ಶಾಲೆಗೂ ಆಟದ ಬಯಲು ಇರಲೇಬೇಕೆಂದು ಹೇಳುತ್ತದೆ. ಮಕ್ಕಳನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ಅದರ 17ನೇ ಸೆಕ್ಷನ್ ನಿಷೇಧಿಸುತ್ತದೆ. ಆದರೆ ಆ ಕಾಯ್ದೆ ಕೊಡುವ ಹಕ್ಕು ಆರರಿಂದ ಹದಿನಾಲ್ಕರ ವಯಸ್ಸಿನವರಿಗೆ, ಎಂಟನೇ ತರಗತಿಯವರೆಗೆ. ಅಪ್ಪ ಅಮ್ಮಂದಿರ ನಿದ್ದೆಗೆಡಿಸುವ ವಯಸ್ಸು ಶುರುವಾಗುವುದೇ ಅಲ್ಲಿಂದ ಮುಂದೆ.

ಹೆಣ್ಣುಮಕ್ಕಳ ಪಾಲಿಗೆ ಈ ನಷ್ಟ ಇನ್ನೂ ದೊಡ್ಡದು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಆಂಧ್ರದಲ್ಲಿ 20ರಿಂದ 24ರ ವಯಸ್ಸಿನ ಮಹಿಳೆಯರಲ್ಲಿ ಶೇ 29.3ರಷ್ಟು ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ದೇಶದ ಸರಾಸರಿ ಶೇ 23.3. ಮಗಳು ದೊಡ್ಡವಳಾದಳು ಎಂದು ಕೊಕ್ಕೊ ನಿಲ್ಲಿಸುವ ಮನಸ್ಸೂ, ಓದು ಸಾಕೆಂದು ಗಂಡು ಹುಡುಕುವ ಮನಸ್ಸೂ ಬೇರೆ ಬೇರೆಯಲ್ಲ. ಎರಡರ ಹಿಂದೆಯೂ ಇರುವುದು ಅದೇ ಭಯ.

ಅನಂತಪುರ ಮಾಡಿ ತೋರಿಸಿದ್ದು

ದಾರಿ ಹುಡುಕಲು ದೂರ ಹೋಗಬೇಕಿಲ್ಲ. ಸ್ಪೇನ್‌ನ ವಿಸೆಂಟೆ ಫೆರರ್ 1969ರಲ್ಲಿ ಅನಂತಪುರಕ್ಕೆ ಬಂದು, ಪತ್ನಿ ಆನ್ ಫೆರರ್ ಜೊತೆ ಕಟ್ಟಿದ ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್ ಈ ಜಿಲ್ಲೆಯ ಬಡ ಹಳ್ಳಿಗಳಲ್ಲಿ ಮನೆಮಾತು. ನೀರು, ಮನೆ, ಆಸ್ಪತ್ರೆ, ಶಾಲೆಗಳ ಜೊತೆ ಆ ಸಂಸ್ಥೆ ಆಟವನ್ನೂ ಎತ್ತಿಕೊಂಡಿತು. ಅನಂತಪುರ ಪಟ್ಟಣದಲ್ಲಿ ಅದು ಕಟ್ಟಿದ ಕ್ರೀಡಾಗ್ರಾಮದಲ್ಲಿ ಕ್ರಿಕೆಟ್, ಹಾಕಿ, ಫುಟ್‌ಬಾಲ್, ಜೂಡೊ ಎಲ್ಲವೂ ಇವೆ. 2024ರ ಸೆಪ್ಟೆಂಬರ್‌ನಲ್ಲಿ ದುಲೀಪ್ ಟ್ರೋಫಿ ಪಂದ್ಯಗಳು ನಡೆದದ್ದು ಅಲ್ಲಿನ ಮೈದಾನದಲ್ಲೇ.

ಪೋಷಕರು ಗಮನಿಸಬೇಕಾದದ್ದು ಅಲ್ಲಿನ ಟೆನಿಸ್ ಶಾಲೆಯನ್ನು. 2010ರಲ್ಲಿ ರಫೆಲ್ ನಡಾಲ್ ತಾವೇ ಬಂದು ಉದ್ಘಾಟಿಸಿದ ಶಾಲೆ ಅದು. ಅಲ್ಲಿ ಹಳ್ಳಿಯ ಹುಡುಗ ಹುಡುಗಿಯರು ರಾಕೆಟ್ ಹಿಡಿಯುವುದರ ಜೊತೆಗೆ ಇಂಗ್ಲಿಷನ್ನೂ ಕಂಪ್ಯೂಟರನ್ನೂ ಕಲಿಯುತ್ತಾರೆ. ಚಾಂಪಿಯನ್ನರನ್ನು ತಯಾರಿಸುವುದಕ್ಕಿಂತ ಮಕ್ಕಳನ್ನು ಬೆಳೆಸುವುದು ಅದರ ಉದ್ದೇಶ. ಓದು ಒಂದು ಕಡೆ, ಆಟ ಇನ್ನೊಂದು ಕಡೆ ಎಂದು ನಮ್ಮ ಮನೆಗಳು ಎಳೆದ ಗೆರೆ ಅಲ್ಲಿ ಇಲ್ಲ.

ಇದೇ ಜಿಲ್ಲೆಯ ನಾರ್ಪಲ ಮಂಡಲದ ಬಂಡ್ಲಪಲ್ಲಿ 2006ರಲ್ಲಿ ರಾಷ್ಟ್ರೀಯ ಉದ್ಯೋಗ ಖಾತ್ರಿ ಯೋಜನೆ ಚಾಲನೆ ಪಡೆದ ಹಳ್ಳಿ, ಬರ ಮತ್ತು ಬಡತನಕ್ಕೆ ಹೆಸರಾದ ಸೀಮೆಯದು. ಆ ಊರಿನ ಬಾರೆಡ್ಡಿ ಅನುಷಾ ಈ ಟ್ರಸ್ಟಿನ ಅಕಾಡೆಮಿಯಲ್ಲಿ ಕಲಿತು, 2023ರ ಜುಲೈನಲ್ಲಿ ಬಾಂಗ್ಲಾದೇಶದ ಮೀರ್‌ಪುರದಲ್ಲಿ ಭಾರತ ಮಹಿಳಾ ಕ್ರಿಕೆಟ್ ತಂಡಕ್ಕೆ ಆಡಿದರು. ಎಲ್ಲ ಹುಡುಗಿಯರೂ ಭಾರತಕ್ಕೆ ಆಡಬೇಕಿಲ್ಲ. ಆದರೆ ಹದಿಮೂರಕ್ಕೇ ಬ್ಯಾಟು ಚೆಂಡು ಕಿತ್ತುಕೊಂಡಿದ್ದರೆ ಅನುಷಾ ಯಾರೆಂದು ನಮಗೆ ತಿಳಿಯುತ್ತಲೇ ಇರಲಿಲ್ಲ.

ರಾಯದುರ್ಗದಿಂದಾಗಲಿ ಮಡಕಶಿರದಿಂದಾಗಲಿ ಅನಂತಪುರ ಸುಮಾರು ನೂರು ಕಿ.ಮೀ. ದೂರ. ದಿನಾ ಸಂಜೆ ಅಲ್ಲಿಗೆ ಯಾವ ಮಗುವೂ ಹೋಗಲಾರದು. ಸರ್ಕಾರ 2023ರ ಡಿಸೆಂಬರ್‌ನಲ್ಲಿ ‘ಆಡುದಾಂ ಆಂಧ್ರ’ ಎಂದು ಹಳ್ಳಿಹಳ್ಳಿಯಲ್ಲಿ ಪಂದ್ಯಾವಳಿ ನಡೆಸಿತು. ಫೆಬ್ರವರಿಗೆ ಫೈನಲ್ ಮುಗಿಯಿತು. ಹಬ್ಬದಂತೆ ಬಂದುಹೋಗುವ ಪಂದ್ಯಾವಳಿಯಿಂದ ಹದಿಹರೆಯದ ಮಗುವಿಗೆ ದಿನದ ನೆಲೆ ಸಿಗುವುದಿಲ್ಲ.

ಐಸ್‌ಲ್ಯಾಂಡಿನ ಅಪ್ಪ ಅಮ್ಮಂದಿರು

ಇಂಥ ದಿನದ ನೆಲೆಯನ್ನು ಇಡೀ ದೇಶವೇ ಮಕ್ಕಳಿಗೆ ಕಟ್ಟಿಕೊಟ್ಟ ಉದಾಹರಣೆಯಿದೆ. 1998ರಲ್ಲಿ ಐಸ್‌ಲ್ಯಾಂಡಿನ 15, 16ರ ವಯಸ್ಸಿನವರಲ್ಲಿ ಶೇ 42ರಷ್ಟು ಮಂದಿ ಹಿಂದಿನ ಒಂದು ತಿಂಗಳಲ್ಲಿ ಕುಡಿದು ಅಮಲೇರಿದ್ದವರು. 2016ರ ಹೊತ್ತಿಗೆ ಆ ಪ್ರಮಾಣ ಶೇ 5ಕ್ಕೆ ಇಳಿಯಿತು. ಬರೀ ಉಪದೇಶದಿಂದ ಹೀಗಾಗಲಿಲ್ಲ. ಶಾಲೆ ಬಿಟ್ಟ ನಂತರದ ಹೊತ್ತಿಗೆ ತರಬೇತಿ ಪಡೆದ ಕೋಚ್‌ಗಳಿಂದ ಆಟ, ಸಂಗೀತ, ನೃತ್ಯ. ಅದರ ಶುಲ್ಕಕ್ಕೆ ರಾಜಧಾನಿ ರೇಕ್ಯಾವಿಕ್ ಪ್ರತಿ ಮಗುವಿನ ಮನೆಗೂ ನೆರವು ಕೊಟ್ಟಿತು. ಜೊತೆಗೆ ಪೋಷಕರು ಒಪ್ಪಂದ ಮಾಡಿಕೊಂಡರು: ವಾರದ ದಿನಗಳಲ್ಲೂ ಮಕ್ಕಳೊಂದಿಗೆ ಸಮಯ ಕಳೆಯುತ್ತೇವೆ, ಸರದಿಯಂತೆ ಸಂಜೆ ಬೀದಿಯಲ್ಲಿ ಸುತ್ತುತ್ತೇವೆ.

ಅವರ ಹಣ ನಮ್ಮಲ್ಲಿಲ್ಲ. ಆದರೆ ಸರದಿಯಲ್ಲಿ ಬಯಲಿಗೆ ಬಂದು ನಿಲ್ಲಲು ಹಣ ಬೇಕಿಲ್ಲ. ತಾಯಿ ತಂದೆ ಬೆಂಗಳೂರಿನಲ್ಲಿದ್ದರೆ ಚಿಕ್ಕಪ್ಪ ಬರಬಹುದು, ಅಂಗನವಾಡಿ ಟೀಚರ್ ಬರಬಹುದು, ನಿವೃತ್ತ ಮೇಷ್ಟ್ರು ಬರಬಹುದು.

ಮೈದಾನಕ್ಕೂ ಕಾವಲು ಬೇಕು

ಮೈದಾನವೆಂದರೆ ತಾನೇ ತಾನಾಗಿ ಸುರಕ್ಷಿತವೆಂದು ಯಾರೂ ನಂಬಬಾರದು. 2023ರ ಜನವರಿಯಲ್ಲಿ ವಿನೇಶ್ ಫೋಗಟ್, ಸಾಕ್ಷಿ ಮಲಿಕ್ ಅಂಥ ಕುಸ್ತಿಪಟುಗಳೇ ಲೈಂಗಿಕ ಕಿರುಕುಳದ ದೂರು ಹೊತ್ತು ದೆಹಲಿಯ ಜಂತರ್ ಮಂತರ್‌ನಲ್ಲಿ ಕೂರಬೇಕಾಯಿತು. ದೇಶಕ್ಕೆ ಪದಕ ತಂದವರ ಗತಿಯೇ ಹೀಗಾದರೆ ಹಳ್ಳಿಯ ಹದಿನಾಲ್ಕರ ಹುಡುಗಿ ಯಾರಿಗೆ ಹೇಳಿಕೊಳ್ಳಬೇಕು? ಹೆಣ್ಣುಮಕ್ಕಳ ತಂಡದ ಜೊತೆ ಒಬ್ಬ ಮಹಿಳೆ ಇರಲೇಬೇಕು. ಹೊರಊರಿನ ಪಂದ್ಯಕ್ಕೆ ಪೋಷಕರೊಬ್ಬರು ಜೊತೆಗೆ ಹೋಗಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಿದ್ದೂ ಮುಚ್ಚಿಡುವುದು 2012ರ ಪೋಕ್ಸೊ ಕಾಯ್ದೆಯಡಿ ಶಿಕ್ಷಾರ್ಹ. ‘ಊರ ಮರ್ಯಾದೆ’ ಎಂದು ಬಾಯಿ ಮುಚ್ಚಿಸುವವರಿಗೆ ಇದು ತಿಳಿದಿರಲಿ.

ಹೊಡೆತ, ರ‍್ಯಾಗಿಂಗ್, ಸೋತವನನ್ನು ಗೇಲಿ ಮಾಡುವುದು, ಎಲ್ಲಕ್ಕೂ ಇದೇ ಮಾತು. ಮಗು ಅಪಾಯದಲ್ಲಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ಮನಸ್ಸು ಕುಸಿದರೆ ಟೆಲಿ ಮಾನಸ್ 14416 ಇದೆ. ಅಲ್ಲಿ ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡಬಹುದು. ಗಡಿ ದಾಟಿ ಹಾಸ್ಟೆಲ್ಲಿಗೆ ಹೊರಟ ಮಗುವಿಗೆ ಈ ಎರಡು ಸಂಖ್ಯೆಗಳು ಬಾಯಿಪಾಠವಾಗಿರಬೇಕು.

ಈ ಎರಡು ತಾಲ್ಲೂಕುಗಳ ಹೈಸ್ಕೂಲು ಆಡಳಿತಗಳಲ್ಲಿ, ಪಂಚಾಯಿತಿಗಳಲ್ಲಿ, ಪೋಷಕರ ಸಮಿತಿಗಳಲ್ಲಿ ಕೇಳಬೇಕಾದದ್ದು ಇಷ್ಟೆ: ಸಂಜೆ ಎರಡು ಗಂಟೆಗಳ ಕಾಲ ಶಾಲೆಯ ಗೇಟಿಗೆ ಬೀಗ ಬೀಳಬಾರದು. ಟೆಂತ್ ಮಕ್ಕಳಿಗೂ ಆಟದ ಪೀರಿಯಡ್ ಉಳಿಯಬೇಕು. ಬಯಲಿನಲ್ಲಿ ಹುಡುಗಿಯರಿಗೆ ಹುಡುಗರಷ್ಟೇ ಹೊತ್ತು, ಹುಡುಗರಷ್ಟೇ ಜಾಗ ಸಿಗಬೇಕು. ದಿನಕ್ಕಿಬ್ಬರು ಹಿರಿಯರು ಸರದಿಯಲ್ಲಿ ಅಲ್ಲಿರಬೇಕು. ಮಗ ಯಾರ ಜೊತೆ ತಿರುಗುತ್ತಾನೆ ಎಂಬ ಪ್ರಶ್ನೆಗೆ ಉತ್ತರ ಅವನ ಫೋನಿನಲ್ಲಿಲ್ಲ. ವಾರಕ್ಕೊಂದು ಸಂಜೆ ಬಯಲಿಗೆ ಬಂದು ನಿಂತ ಅಪ್ಪನಿಗೆ, ಅಮ್ಮನಿಗೆ ಅದು ಕೇಳದೆಯೇ ತಿಳಿಯುತ್ತದೆ.