ಮಗ ಕಡಲಾಳಕ್ಕೆ, ತಾಯಿ ದಡದಲ್ಲಿ

ರಜೆ ಬಂತೆಂದರೆ ಕೆಲವು ಮನೆಗಳಲ್ಲಿ ಎರಡು ಪಕ್ಷ. ಮಗನಿಗೆ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಕಡಲಾಳಕ್ಕಿಳಿಯುವ ಹಂಬಲ. ತಾಯಿಗೆ ಮರೀನಾದಲ್ಲಿ ಪಾದ ನೆನೆದರೇ ಸಾಕು. ನಿಮ್ಮದೂ ಅಂಥ ಮನೆಯೇ? ಹಾಗಾದರೆ ದ್ವೀಪ ಆರಿಸುವಾಗ ದಡದಲ್ಲಿ ಉಳಿಯುವವರ ಹಗಲು ಹೇಗೆ ಕಳೆದೀತೆಂದು ಮೊದಲು ಯೋಚಿಸಿ. ಇಳಿಯುವವರಿಗೆ ನಾಲ್ಕು ಬಣ್ಣದ ಮೀನು ಕಂಡರೆ ಊಟವೂ ಬೇಡ!

ನಮ್ಮ ನಾಡಿನ ನೇತ್ರಾಣಿ ನೆನಪಾಗುವುದು ಸಹಜ. ಆದರೆ ಆ ನಡುಗಡ್ಡೆಯಲ್ಲಿ ವಸತಿಯಿಲ್ಲ. ಉಳಿದವರು ಮುರುಡೇಶ್ವರದಲ್ಲಿ ದೇವರ ದರ್ಶನ ಮಾಡಿಕೊಂಡು ದೋಣಿ ಕಾಯಬೇಕು. ಒಂದು ದಿನಕ್ಕೆ ಅದೇ ಚೆನ್ನ.

ನಾಲ್ಕೈದು ದಿನವಿದ್ದರೆ ಚೆನ್ನೈನವರಾದ ನಮಗೆ ಅಂಡಮಾನ್ ಅನುಕೂಲ. ಪೋರ್ಟ್ ಬ್ಲೇರ್‌ಗೆ (2024ರಿಂದ ಶ್ರೀ ವಿಜಯಪುರಂ) ನೇರ ವಿಮಾನವುಂಟು; ಅಲ್ಲಿಂದ ಹಡಗಿನಲ್ಲಿ ಹ್ಯಾವ್‌ಲಾಕ್, ಅಂದರೆ 2018ರಿಂದ ಸ್ವರಾಜ್ ದ್ವೀಪ. ಬೆಳಗಿನ ಹೊತ್ತು ಮಗ ನೀರಿಗಿಳಿದು ಬರಲಿ, ಮಧ್ಯಾಹ್ನ ಎಲ್ಲರೂ ಕೂಡಿ ರಾಧಾನಗರದ ಬಿಳಿ ಮರಳಿಗೆ ಹೋಗಿ. ಡಿಸೆಂಬರಿನಲ್ಲಿ ಸಂಜೆ ಐದರ ಸುಮಾರಿಗೇ ಸೂರ್ಯ ಮುಳುಗುತ್ತಾನೆ. ಊಟವಾದ ಮೇಲೆ ಮಲಗಿದಿರೋ, ಕೆಟ್ಟಿರಿ.

ಟಿಕೆಟ್ ತೆಗೆಸುವ ಮುನ್ನ ಇದನ್ನು ಗಮನಿಸಿ. ಆಳದಲ್ಲಿ ಉಸಿರಾಡಿದಾಗ ಮೈಯಲ್ಲಿ ಸಾರಜನಕ ಕರಗಿ ಉಳಿಯುತ್ತದೆ. ಕೂಡಲೇ ವಿಮಾನ ಹತ್ತಿದರೆ ಅದು ಗುಳ್ಳೆಗಳಾಗಿ ಪ್ರಾಣಕ್ಕೇ ಕುತ್ತಾಗಬಹುದು. ಹಲವು ಸಲ ಇಳಿದವರು ಕನಿಷ್ಠ 18 ಗಂಟೆ ಬಿಡಬೇಕು. ಆದ್ದರಿಂದ ಕಡೆಯ ದಿನವನ್ನು 1906ರಲ್ಲಿ ಕಟ್ಟಿ ಮುಗಿಸಿದ ಸೆಲ್ಯುಲಾರ್ ಜೈಲಿಗೆ ಇಟ್ಟುಕೊಳ್ಳಿ. ಆಸ್ತಮಾ, ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳಬೇಕಾದದ್ದು ಅಲ್ಲಿಗೆ ಹೋದಮೇಲಲ್ಲ, ಚೆನ್ನೈ ಬಿಡುವ ಮುಂಚೆ.