ಕದ್ದ ಮಾಲಿಗೂ ರಿಪೇರಿ!

ಶಿರಾ ಪೇಟೆಯಲ್ಲಿ ಒಬ್ಬರು ಮಿಕ್ಸಿ ಕೊಂಡರು ಅನ್ನಿ. ಮನೆಗೆ ಹೋಗಿ ಸ್ವಿಚ್ ಹಾಕಿದರೆ ತಿರುಗಲಿಲ್ಲ. ವಾಪಸ್ ತಂದರೆ ಅಂಗಡಿಯವರು ರಿಪೇರಿ ಮಾಡಿಸಿಕೊಡುತ್ತಾರೆ. ಮರ್ಯಾದಸ್ಥರಾದರೆ ಬದಲಿಯನ್ನೇ ಕೊಡುತ್ತಾರೆ. ಅದೇ ಮಿಕ್ಸಿಯನ್ನು ರಾತ್ರಿ ಷಟರ್ ಎತ್ತಿ ಕದ್ದೊಯ್ದವನು ಬೆಳಿಗ್ಗೆ ಬಂದು, "ಅಣ್ಣಾ, ಇದು ತಿರುಗ್ತಾ ಇಲ್ಲ, ಸ್ವಲ್ಪ ನೋಡಿ" ಅಂದರೆ? ಕೊರಟಗೆರೆಯಿಂದ ಪಾವಗಡದವರೆಗೆ ಯಾವ ಸಾಹುಕಾರರು ಸ್ಕ್ರೂಡ್ರೈವರ್ ಕೈಗೆ ತಗೊಂಡಾರು!

2012ರಲ್ಲಿ ಸ್ವೀಡನ್ ದೇಶದ ಒಬ್ಬ ತಗೊಂಡ.

ಮಾಲು ಮಿಕ್ಸಿಯಲ್ಲ, ಕಂಪ್ಯೂಟರ್ ಗೇಮು. ಹೆಸರು 'ಹಾಟ್‌ಲೈನ್ ಮಯಾಮಿ'. ಯೊನಾಟನ್ ಸೋಡರ್‌ಸ್ಟ್ರೋಮ್, ಡೆನ್ನಿಸ್ ವೆಡಿನ್ ಎಂಬಿಬ್ಬರು ಕೂತು ಕಟ್ಟಿದ್ದು. ಕೈಯಲ್ಲಿ ಕಾಸಿಲ್ಲ. ಉಪಕರಣವೋ 'ಗೇಮ್ ಮೇಕರ್'. ಹಾಲೆಂಡಿನ ಪ್ರೊಫೆಸರ್ ಮಾರ್ಕ್ ಓವರ್‌ಮಾರ್ಸ್ 1999ರಲ್ಲಿ ಹೊರತಂದ, ಕಲಿಯುವ ಹುಡುಗರೂ ಬಳಸಬಹುದಾದ ಸಾಮಾನು.

ಆಟ ಮಕ್ಕಳದ್ದಲ್ಲ. ಯೂರೋಪಿನಲ್ಲಿ 18ರ ಮುದ್ರೆ ಒತ್ತಿಸಿಕೊಂಡದ್ದು. 1989ರ ಮಯಾಮಿ ನಗರ, ಪ್ರಾಣಿಗಳ ಮುಖವಾಡ ಹಾಕಿದ ಹಂತಕ, ಫೋನಿನಲ್ಲಿ ಬರುವ ಆಜ್ಞೆ, ಪರದೆ ತುಂಬಾ ರಕ್ತ. ಒಂದೇ ಏಟು ಬಿದ್ದರೂ ಆಡುವವನು ಸತ್ತ, ಮತ್ತೆ ಮೊದಲಿಂದ. ಆದರೆ ಇಬ್ಬರೂ ಒಂದು ಪ್ರಯೋಗ ಮಾಡಿದ್ದರು. ಎಲ್ಲರನ್ನೂ ಕೊಂದಾದ ಮೇಲೆ ಅಬ್ಬರದ ಸಂಗೀತ ಥಟ್ಟನೆ ನಿಲ್ಲುತ್ತದೆ. ತಾನೇ ಕೆಡವಿದ ಹೆಣಗಳ ನಡುವೆ ನಡೆದುಕೊಂಡೇ ಕಾರಿನವರೆಗೆ ವಾಪಸ್ ಹೋಗಬೇಕು. ಹೊಡೆದದ್ದರಲ್ಲಿ ಏನಪ್ಪಾ ಸುಖ ಎಂದು ಆಟವೇ ಕೇಳಿದಂತಾಗುತ್ತದೆ. ಫೈಟಿಂಗ್ ಸಿನಿಮಾ ಮುಗಿದ ಮೇಲೆ ಇಂಥ ಪ್ರಶ್ನೆ ಕೇಳಿದ ನಿರ್ದೇಶಕರು ಎಷ್ಟು ಮಂದಿಯೋ!

ಅಕ್ಟೋಬರ್ 23ರಂದು ಮಾರಾಟ ಶುರು. ಶುರುವಾದದ್ದೇ ದೂರುಗಳೂ ಬಂದವು. ಕೆಲವರ ಕಂಪ್ಯೂಟರಿನಲ್ಲಿ ಆಟ ನಡುವೆಯೇ ನಿಂತಿತು. ಒಂದೇ ಅಳತೆಯ ಅಂಗಿ ಹೊಲಿದು ಊರಿಗೆಲ್ಲ ಹಂಚಿದರೆ ಆಗುವುದೇ ಹೀಗೆ. ಒಬ್ಬೊಬ್ಬರ ಮೆಷಿನ್ ಒಂದೊಂದು ಥರ, ಆಟ ಕಟ್ಟಿದವರು ಇಬ್ಬರೇ. ಸೋಡರ್‌ಸ್ಟ್ರೋಮ್ ತೇಪೆ ಹಾಕುತ್ತಾ ಕೂತ.

ಅಷ್ಟರಲ್ಲಿ ಕಳ್ಳಪ್ರತಿ 'ಪೈರೇಟ್ ಬೇ' ಎಂಬ ಸಂತೆಗೆ ಬಂದಿತ್ತು. ಅದೂ ಸ್ವೀಡನ್ನಿನಲ್ಲೇ ಹುಟ್ಟಿದ್ದು! ಬಿಟ್ಟಿ ಇಳಿಸಿಕೊಂಡವರು ಅಲ್ಲೇ ಕೂತು, ಓಡ್ತಾ ಇಲ್ಲ ಅಂತ ಗೊಣಗುತ್ತಿದ್ದರು. ಸೋಡರ್‌ಸ್ಟ್ರೋಮ್ ಪೊಲೀಸರನ್ನು ಕರೆಯಲಿಲ್ಲ. ತಾನೇ ಅಲ್ಲಿಗೆ ಹೋಗಿ ಉಪಾಯ ಹೇಳಿಕೊಟ್ಟ, ತೇಪೆಯೂ ಸಿಗುತ್ತದೆ ಅಂದ. ಕದಿಯಿರಿ ಅಂತ ಅವನೇನೂ ಹೇಳಲಿಲ್ಲ. ತನಗೂ ಕಾಸಿಲ್ಲದ ದಿನ ಗೊತ್ತು, ಆಡುವುದಾದರೆ ಕೆಟ್ಟುಹೋದ ಆಟ ಆಡಬೇಡಿ ಎಂಬುದಷ್ಟೇ ಅವನ ಮಾತು. ಏಳು ವಾರದಲ್ಲಿ ಕಾಸು ಕೊಟ್ಟು ಕೊಂಡವರು 1,30,000. ಕಳ್ಳರಿಗೆ ಉಪಕಾರ ಮಾಡಿದ್ದಕ್ಕೇ ವ್ಯಾಪಾರ ಕುದುರಿತು ಅನ್ನುವಂತಿಲ್ಲ, ಅಂಗಡಿ ಮುಚ್ಚಲಿಲ್ಲ ಎಂಬುದಂತೂ ನಿಜ.

ದೊಡ್ಡ ಅಂಗಡಿಯ ಕಥೆಯನ್ನೂ ಕೇಳಿ. ಇಪ್ಪತ್ತು ವರ್ಷದ ಹಿಂದೆ ಸೈಬರ್ ಸೆಂಟರುಗಳಲ್ಲಿ ಗಂಟೆಗಿಷ್ಟು ಅಂತ ಕೊಟ್ಟು ಹುಡುಗರು 'ವೈಸ್ ಸಿಟಿ' ಆಡುತ್ತಿದ್ದರು. ಅದೂ ವಯಸ್ಕರದ್ದೇ. ಸಿಡಿ ಬಹುಪಾಲು ಕಳ್ಳಪ್ರತಿ ಎಂಬುದು ಗುಟ್ಟೇನಲ್ಲ. ಅದರ ಒಡೆಯರು ರಾಕ್‌ಸ್ಟಾರ್ ಕಂಪನಿಯವರು. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಶುರು ಮಾಡಿದ್ದ 'ಧ್ರುವ ಇಂಟರಾಕ್ಟಿವ್' ಅನ್ನು 2019ರಲ್ಲಿ ಕೊಂಡವರೂ ಅವರೇ. 2021ರ ನವೆಂಬರ್ 11ರಂದು ಆ ವೈಸ್ ಸಿಟಿಯನ್ನೂ ಸೇರಿಸಿ ಮೂರು ಹಳೇ ಆಟಗಳಿಗೆ ಹೊಸ ಬಣ್ಣ ಬಳಿದು ಮಾರಿದರು. ಬಣ್ಣ ಬಳಿದದ್ದು ಬೇರೊಂದು ಕಂಪನಿ, ಬೋರ್ಡು ಮಾತ್ರ ಇವರದು. ದೋಷಗಳೋ ಒಂದೆರಡಲ್ಲ. ಅಂಗಡಿ ಬೋರ್ಡಿನ ಅಕ್ಷರ ಕೂಡ ತಪ್ಪು! ಎಂಟನೇ ದಿನಕ್ಕೆ ಕ್ಷಮಾಪಣೆ ಬಂತು.

ಇದೆಲ್ಲ ನಾಲ್ಕು ತಾಲ್ಲೂಕಿಗೆ ಯಾಕೆ ಅಂತೀರಾ? ಮಧುಗಿರಿ ಬಸ್ ನಿಲ್ದಾಣದಲ್ಲಿ ಪಾವಗಡ ಬಸ್ಸಿಗೆ ಕಾಯುವ ಹುಡುಗರ ಕೈ ನೋಡಿ. 'ಎ' ಸಿನಿಮಾಕ್ಕಾದರೆ ಸೆನ್ಸಾರ್ ಮಂಡಳಿ ಉಂಟು, ಟಾಕೀಸಿನ ಬಾಗಿಲಲ್ಲಿ ಟಿಕೆಟ್ ಹರಿಯುವವನು ಮೀಸೆ ಬಂದಿದೆಯೋ ಇಲ್ಲವೋ ಅಂತಲಾದರೂ ನೋಡುತ್ತಿದ್ದ. ಗೇಮಿಗೆ ಅಂಥ ಮಂಡಳಿ ಈ ದೇಶದಲ್ಲಿಲ್ಲ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿದ್ದು ದುಡ್ಡು ಕಟ್ಟಿ ಆಡುವ ಆಟಗಳನ್ನು. ರಕ್ತ ಹರಿಯುವ ಆಟಕ್ಕೆ ಬಾಗಿಲು ಕಾಯುವವರು ಮನೆಯವರೇ.

ಕಾಸು ಕೊಟ್ಟು ಕೊಳ್ಳುವವರಿಗೆ ಒಂದು ಅನುಕೂಲ ಉಂಟು. ಕಂಪ್ಯೂಟರ್ ಗೇಮಿನ ದೊಡ್ಡ ಪೇಟೆ 'ಸ್ಟೀಮ್'ನಲ್ಲಿ ಕೊಂಡ 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆಯಿದ್ದರೆ, ಕೇಳಿದರೆ ದುಡ್ಡು ವಾಪಸ್. ಕೆಟ್ಟ ಮಾಲು ಅಂತ ಮೂಗು ಮುರಿದು ಸುಮ್ಮನಾಗಬೇಕಿಲ್ಲ. ಕಳ್ಳಪ್ರತಿಗೆ ಈ ಸವಲತ್ತಿಲ್ಲ. ಎಲ್ಲಾ ಮಾಲೀಕರೂ ಸೋಡರ್‌ಸ್ಟ್ರೋಮ್ ಆಗಿರುವುದಿಲ್ಲವಲ್ಲ.

ಮೊಬೈಲಿನಲ್ಲಾದರೆ ಪ್ಲೇ ಸ್ಟೋರಿನ ಗೇಮುಗಳ ಮೇಲೆ 3, 7, 12, 16, 18 ಎಂಬ ವಯಸ್ಸಿನ ಗುರುತು ಇರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಫ್ಯಾಮಿಲಿ, ಅದರೊಳಗೆ ಪೇರೆಂಟಲ್ ಕಂಟ್ರೋಲ್ಸ್ ಒತ್ತಿ ಬೀಗ ಹಾಕಬಹುದು. ಗೆಳೆಯನ ಫೋನಿಂದ ಹತ್ತಿಸಿಕೊಂಡ ಗೇಮಿಗೆ ಈ ಬೀಗ ತಾಕುವುದಿಲ್ಲ, ಅದು ನೆನಪಿರಲಿ. ಇನ್ನು ಬೀಗದ ಪಿನ್ನು. ಮಗ ಹುಟ್ಟಿದ ಇಸವಿ ಮಾತ್ರ ಇಡಬೇಡಿ. ಅವನು ಮೊದಲು ಒತ್ತಿ ನೋಡುವುದೇ ಅದನ್ನು.